ಪೆಟ್ರೋಲ್ ಯಾರ ಜೇಬಿನದು? ಮಾರಾಟ ಪ್ರತಿನಿಧಿಗಳ ಓಡಾಟ ಅಳೆಯುವ ಆ್ಯಪ್ ಒಂದರ ವಿಮರ್ಶೆ

ಅಂಗಡಿಯಿಂದ ಅಂಗಡಿಗೆ ಬೈಕಿನಲ್ಲಿ ತಿರುಗಿ ಆರ್ಡರ್ ಹಿಡಿಯುವ ಮಾರಾಟ ಪ್ರತಿನಿಧಿಗಳ ಓಡಾಟವನ್ನು ಜಿಪಿಎಸ್ ಮೂಲಕ ಅಳೆದು, ತಿಂಗಳ ಕೊನೆಯಲ್ಲಿ ಪೆಟ್ರೋಲ್ ಭತ್ಯೆಯ ಬಿಲ್ಲನ್ನು ತಾನಾಗಿಯೇ ಸಿದ್ಧಪಡಿಸುವ ಆ್ಯಪ್‌ಗಳು ಈಗ ಸಣ್ಣ ಕಂಪನಿಗಳಿಗೂ ಬಂದಿವೆ. ಅಂಥದ್ದೊಂದನ್ನು ನಮ್ಮ ಕಂಪನಿ ನಮ್ಮ ಫೋನುಗಳಿಗೆ ಹಾಕಿಸಿ ಸಾಕಷ್ಟು ಕಾಲವಾಗಿದೆ. ಮಳೆಗಾಲ, ಅಡಿಕೆ ಕೊಯ್ಲು, ಬೇಸಿಗೆಯ ಪಂಪ್‌ಸೆಟ್ ಸೀಸನ್ ಎಲ್ಲವನ್ನೂ ಅದರೊಂದಿಗೆ ಕಳೆದಿರುವುದರಿಂದ ಅದರ ಗುಣದೋಷಗಳನ್ನು ಹೇಳುವಷ್ಟು ಅನುಭವ ನನಗಿದೆ ಎಂದುಕೊಂಡಿದ್ದೇನೆ. ಆ್ಯಪ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಯಾರಕರು ಒಂದೇ ಸಾಫ್ಟ್‌ವೇರಿಗೆ ಒಂದೊಂದು ಕಂಪನಿಗೆ ಒಂದೊಂದು ಹೆಸರು, ಬಣ್ಣ, ಲೋಗೊ ಅಂಟಿಸಿ ಕೊಡುವುದರಿಂದ ನನ್ನ ಫೋನಿನಲ್ಲಿರುವ ಹೆಸರು ಬೇರೆಯವರ ಉಪಯೋಗಕ್ಕೆ ಬಾರದು. ಅದಕ್ಕಿಂತ ಮುಖ್ಯವಾಗಿ, ಕೆಳಗೆ ಹೇಳುವ ದೂರುಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರಿನವಲ್ಲ, ಅದನ್ನು ಕೊಂಡವರು ಅದರೊಳಗೆ ತುಂಬಿರುವ ನಿಯಮಗಳವು.

ನಾನು ಮಾರುವುದು ಪಿವಿಸಿ ಪೈಪು, ಸ್ಪ್ರಿಂಕ್ಲರ್ ಮತ್ತು ಪಂಪ್‌ಸೆಟ್ಟುಗಳನ್ನು. ಶಿವಮೊಗ್ಗ ನನ್ನ ಹೆಡ್‌ಕ್ವಾರ್ಟರ್. ತೀರ್ಥಹಳ್ಳಿ, ಹೊಸನಗರ, ಸಾಗರ ಮತ್ತು ಸೊರಬದ ಹಾರ್ಡ್‌ವೇರ್ ಅಂಗಡಿಗಳೂ ಘಟ್ಟದ ಕೆಳಗೆ ಹೆಬ್ರಿಯ ಒಬ್ಬ ಡೀಲರೂ ನನ್ನ ಬೀಟಿಗೆ ಸೇರಿದ್ದಾರೆ. ಮೂಲ ಸಂಬಳ ಸಣ್ಣದು. ಉಳಿದದ್ದೆಲ್ಲ ಕಮಿಷನ್, ಅದೂ ಆರ್ಡರ್ ಬರೆದ ದಿನವಲ್ಲ, ಡೀಲರಿನಿಂದ ಹಣ ವಸೂಲಾದ ಮೇಲೆ. ಅಂದರೆ ಇಂದು ನಾನು ತೀರ್ಥಹಳ್ಳಿಗೆ ಹೋಗಿ ಬರೆದ ಆರ್ಡರಿನ ಕಮಿಷನ್ ಕೈಗೆ ಬರುವಾಗ ಎರಡು ತಿಂಗಳೋ ಮೂರು ತಿಂಗಳೋ ಕಳೆದಿರುತ್ತದೆ, ಆದರೆ ಬಂಕಿನವನು ಪೆಟ್ರೋಲಿನ ದುಡ್ಡನ್ನು ಇಂದೇ ಎಣಿಸಿಕೊಳ್ಳುತ್ತಾನೆ. ಇಂಥ ನೌಕರಿಯಲ್ಲಿ ಕಿಲೋಮೀಟರ್ ಬಿಲ್ ಎನ್ನುವುದು ಸಂಬಳದ ಜೊತೆಗೆ ಬರುವ ಚಿಲ್ಲರೆಯಲ್ಲ; ತಿಂಗಳನ್ನು ದಾಟಿಸುವ ಹಣವೇ ಅದು.

ಆ್ಯಪ್ ಕೆಲಸ ಮಾಡುವ ಬಗೆ ಸರಳವಾಗಿದೆ. ಬೆಳಿಗ್ಗೆ 'ಡ್ಯೂಟಿ ಆನ್' ಒತ್ತಿ ಒಂದು ಸೆಲ್ಫಿ ಕೊಡಬೇಕು. ಅಂಗಡಿಯ ನೂರು ಮೀಟರ್ ಒಳಗೆ ಬಂದಾಗ ಚೆಕ್-ಇನ್ ಬಟನ್ ಹಸಿರಾಗುತ್ತದೆ. ಒಳಗೆ ಹೋದರೆ ಆರ್ಡರ್ ಬರೆಯುವ ಪುಟ, ವಸೂಲಿ ಬರೆಯುವ ಪುಟ, ಆರ್ಡರ್ ಸಿಗದಿದ್ದರೆ ಕಾರಣ ಆರಿಸುವ ಪಟ್ಟಿ: ಮಾಲೀಕರಿಲ್ಲ, ಸ್ಟಾಕ್ ಇದೆ, ಹಳೆ ಬಾಕಿ, ದೂರು, ಇತರೆ. ಸಂಜೆ 'ಡ್ಯೂಟಿ ಆಫ್' ಒತ್ತಿದರೆ ಭೂಪಟದ ಮೇಲೆ ದಿನದ ದಾರಿ ಹಸಿರು ಗೆರೆಯಾಗಿ ಕಾಣುತ್ತದೆ. ಅದರ ಕೆಳಗೆ ಕಿಲೋಮೀಟರ್, ಅದರ ಪಕ್ಕದಲ್ಲಿ ರೂಪಾಯಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ಸಣ್ಣದಲ್ಲ. ಆ್ಯಪ್ ಬರುವ ಮೊದಲು ನಾವು ಬೈಕಿನ ಮೀಟರ್ ರೀಡಿಂಗನ್ನು ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳ ಕೊನೆಗೆ ಟಿಎ-ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಫಾರಂ ತುಂಬಿ ಕಳುಹಿಸುತ್ತಿದ್ದೆವು. ಅಕೌಂಟ್ಸ್ ವಿಭಾಗದವರು ಅದನ್ನು ಪೂರ್ತಿ ಓದದೆಯೇ, ಸೇಲ್ಸ್‌ನವರು ಬರೆದದ್ದೆಂದರೆ ಹೆಚ್ಚೇ ಬರೆದಿರುತ್ತಾರೆ ಎಂಬ ನಂಬಿಕೆಯಿಂದ ಕೆಂಪು ಪೆನ್ನಿನಲ್ಲಿ ಒಂದಷ್ಟು ಕಡಿದು ಪಾಸು ಮಾಡುತ್ತಿದ್ದರು. ಕಡಿಯುತ್ತಾರೆಂದು ಗೊತ್ತಿದ್ದವರು ಕೂಡಿಸಿ ಬರೆಯುತ್ತಿದ್ದರು, ಕೂಡಿಸುತ್ತಾರೆಂದು ಗೊತ್ತಿದ್ದವರು ಇನ್ನಷ್ಟು ಕಡಿಯುತ್ತಿದ್ದರು, ನಡುವೆ ಇದ್ದದ್ದನ್ನು ಇದ್ದ ಹಾಗೆ ಬರೆದವನಿಗೆ ನಷ್ಟವಾಗುತ್ತಿತ್ತು. ಆ್ಯಪ್ ಈ ಚೌಕಾಸಿಯನ್ನು ನಿಲ್ಲಿಸಿತು. ಭತ್ಯೆ ಈಗ ಮುಂದಿನ ತಿಂಗಳ ಸಂಬಳದ ಜೊತೆಗೇ ಬರುತ್ತದೆ, ಅಕೌಂಟ್ಸ್‌ಗೆ ಫೋನ್ ಮಾಡಿ ಅಂಗಲಾಚುವ ಕೆಲಸ ತಪ್ಪಿದೆ. ಈ ಒಂದು ಕಾರಣಕ್ಕೇ ನೋಟ್‌ಬುಕ್ ಕಾಲಕ್ಕೆ ಹಿಂದಿರುಗಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ.

ಆದರೆ ಅಳತೆಯ ವಿಷಯಕ್ಕೆ ಬಂದರೆ ಮಲೆನಾಡಿನ ದಾರಿಗಳಿಗೂ ಈ ಆ್ಯಪ್‌ಗೂ ಆಗಿಬರುವುದಿಲ್ಲ. ಇಂಥ ಆ್ಯಪ್‌ಗಳು ಫೋನಿನ ಸ್ಥಾನವನ್ನು ಎಡೆಬಿಡದೆ ಓದುವುದಿಲ್ಲ. ಬ್ಯಾಟರಿ ಉಳಿಸುವ ಸಲುವಾಗಿ ಇಷ್ಟಿಷ್ಟು ನಿಮಿಷಕ್ಕೊಮ್ಮೆ ಒಂದು ಬಿಂದುವನ್ನು ದಾಖಲಿಸುತ್ತವೆ. ಆಮೇಲೆ ಆ ಬಿಂದುಗಳ ನಡುವಿನ ದೂರವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬಹುದು: ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆದು ಕೂಡಿಸುವುದು ಒಂದು, ಬಿಂದುಗಳನ್ನು ಭೂಪಟದ ರಸ್ತೆಯ ಮೇಲೆ ಕೂರಿಸಿ ರಸ್ತೆಯ ಉದ್ದವನ್ನೇ ತೆಗೆದುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಭೂಪಟದ ಸೇವೆ ಒದಗಿಸುವವರಿಗೆ ಹಣ ಕೊಡಬೇಕಾಗುತ್ತದೆ. ನಮ್ಮ ಆ್ಯಪ್ ಐದು ನಿಮಿಷಕ್ಕೊಂದು ಬಿಂದು ಹಿಡಿದು ನೇರ ಗೆರೆ ಎಳೆಯುವ ಜಾತಿಯದು. ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಹೋಗುವಾಗ ಇದರಿಂದ ದೊಡ್ಡ ವ್ಯತ್ಯಾಸವಾಗದು. ಆಗುಂಬೆ ಘಾಟಿಯಲ್ಲಿ ಆಗುತ್ತದೆ. ಅಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಗಂಟೆಗೆ 24 ಕಿ.ಮೀ. ವೇಗದಲ್ಲಿ ಇಳಿದರೆ ಐದು ನಿಮಿಷಕ್ಕೆ ಬೈಕು 2 ಕಿ.ಮೀ. ಓಡಿರುತ್ತದೆ, ಆದರೆ ರಸ್ತೆ ತನ್ನ ಮೇಲೆಯೇ ತಿರುಗಿ ತಿರುಗಿ ಇಳಿಯುವುದರಿಂದ ಎರಡು ಬಿಂದುಗಳ ನಡುವಿನ ನೇರ ದೂರ ಅದರಲ್ಲಿ ಒಂದು ಪಾಲು ಮಾತ್ರ. ಹೆಬ್ರಿಯ ಡೀಲರನ್ನು ನೋಡಿ ಬಂದ ಸಂಜೆ ಭೂಪಟದಲ್ಲಿ ನೋಡಿದರೆ ಹಸಿರು ಗೆರೆ ಕಾಡಿನ ಮೇಲೆ ಹಾರಿಕೊಂಡು ಘಟ್ಟ ಇಳಿದಿರುತ್ತದೆ. ಹಕ್ಕಿಗೆ ಪೆಟ್ರೋಲ್ ಬೇಡ, ಬೈಕಿಗೆ ಬೇಕು.

ಇನ್ನೊಂದು ತೊಂದರೆ ನೆಟ್‌ವರ್ಕಿನದು. ಜಿಪಿಎಸ್ ಉಪಗ್ರಹದಿಂದ ಸಂಕೇತ ಪಡೆಯುವುದರಿಂದ ಮೊಬೈಲ್ ಟವರ್ ಇಲ್ಲದ ಜಾಗದಲ್ಲೂ ಕೆಲಸ ಮಾಡುತ್ತದೆ. ಆದರೆ ಹಿಡಿದ ಬಿಂದುವನ್ನು ಸರ್ವರಿಗೆ ಕಳುಹಿಸಲು ನೆಟ್‌ವರ್ಕ್ ಬೇಕು. ಒಳ್ಳೆಯ ಆ್ಯಪ್ ಬಿಂದುಗಳನ್ನು ಫೋನಿನಲ್ಲೇ ಕೂಡಿಟ್ಟುಕೊಂಡು ನೆಟ್‌ವರ್ಕ್ ಸಿಕ್ಕಾಗ ಕಳುಹಿಸುತ್ತದೆ. ನಮ್ಮದರ ಹಳೆಯ ಆವೃತ್ತಿಗೆ ಆ ಬುದ್ಧಿ ಇರಲಿಲ್ಲ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಗುವ ಮೊದಲು ಹಿನ್ನೀರಿನಾಚೆಯ ತುಮರಿ ಕಡೆಗೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಬೈಕನ್ನು ಲಾಂಚಿಗೆ ಹತ್ತಿಸಬೇಕಿತ್ತು. ಲಾಂಚಿನಲ್ಲಿ ದಾಟಿದಾಗ ಆ್ಯಪ್ ಅಳೆದ ದೂರ ಸರಿಯಾಗಿಯೇ ಇರುತ್ತಿತ್ತು, ಏಕೆಂದರೆ ನೀರಿನ ಮೇಲೆ ದಾರಿಯೇ ನೇರ. ಆದರೆ ಸಂಜೆಯ ಕೊನೆಯ ಲಾಂಚ್ ತಪ್ಪಿ, ಕಾಡಿನ ನಡುವೆ ಎಂಬತ್ತು ಕಿಲೋಮೀಟರಿನಷ್ಟು ಸುತ್ತಿ ಸಾಗರ ಸೇರಿದ ದಿನ, ದಾರಿಯುದ್ದಕ್ಕೂ ನೆಟ್‌ವರ್ಕ್ ಇಲ್ಲದ ಕಾರಣ ಆ್ಯಪ್ ತುಮರಿಯ ಕೊನೆಯ ಬಿಂದುವನ್ನೂ ಸಾಗರದ ಮೊದಲ ಬಿಂದುವನ್ನೂ ಹಿನ್ನೀರಿನ ಮೇಲಿಂದ ಒಂದು ಗೆರೆಯಲ್ಲಿ ಜೋಡಿಸಿ ಮುಗಿಸಿತು. ಲಾಂಚ್ ತಪ್ಪಿಸಿಕೊಂಡವನಿಗೆ ಅದು ಲಾಂಚಿನ ದೂರವನ್ನೇ ಕೊಟ್ಟಿತು. ಈಗಿನ ಆವೃತ್ತಿಯಲ್ಲಿ ಬಿಂದುಗಳು ಫೋನಿನಲ್ಲಿ ಉಳಿಯುತ್ತವೆ, ತುಮರಿಗೆ ಸೇತುವೆಯೂ ಆಗಿದೆ. ಆದ್ದರಿಂದ ಈ ದೂರನ್ನು ಅರ್ಧ ಹಿಂತೆಗೆದುಕೊಳ್ಳಬಹುದು. ಪೂರ್ತಿ ಹಿಂತೆಗೆಯಲಾಗದ್ದಕ್ಕೆ ಕಾರಣ ಫೋನುಗಳು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಮುಲಾಜಿಲ್ಲದೆ ನಿಲ್ಲಿಸಿಬಿಡುತ್ತದೆ, ಸೆಟ್ಟಿಂಗಿನಲ್ಲಿ ಈ ಆ್ಯಪ್‌ಗೆ ವಿನಾಯಿತಿ ಕೊಡದಿದ್ದರೆ ಮಧ್ಯಾಹ್ನದ ಅರ್ಧ ದಾರಿ ಮಾಯವಾಗುತ್ತದೆ.

ಇವೆಲ್ಲ ತಾಂತ್ರಿಕ ಕೊರತೆಗಳು, ಒಂದಲ್ಲ ಒಂದು ಅಪ್‌ಡೇಟಿನಲ್ಲಿ ಸರಿಹೋಗುವಂಥವು. ಸರಿಹೋಗದ್ದು ಬೇರೆ ಇದೆ.

ಆ್ಯಪ್ ತೋರಿಸುವ ಕಿಲೋಮೀಟರುಗಳೆಲ್ಲ ಹಣವಾಗುವುದಿಲ್ಲ. ಬಿಲ್ಲಿನಲ್ಲಿ ಎರಡು ಕಾಲಮುಗಳಿವೆ: ಓಡಿದ ದೂರ, ಅರ್ಹ ದೂರ. ಮೊದಲನೆಯದರಿಂದ ಎರಡನೆಯದು ಹೇಗೆ ಇಳಿಯಿತು ಎಂಬುದನ್ನು ನೌಕರನ ಪರದೆ ಎಲ್ಲಿಯೂ ಹೇಳುವುದಿಲ್ಲ. ನಮ್ಮ ಏರಿಯಾ ಮ್ಯಾನೇಜರ್ ಒಮ್ಮೆ ತಮ್ಮ ಲ್ಯಾಪ್‌ಟಾಪಿನಲ್ಲಿ ಆಡಳಿತದ ಪುಟವನ್ನು ತೆರೆದಾಗ ಗುಟ್ಟು ತಿಳಿಯಿತು. ಅಲ್ಲಿ ನಾಲ್ಕು ಗುಂಡಿಗಳು ಸಾಲಾಗಿದ್ದವು: ಮೊದಲ ಭೇಟಿಯವರೆಗಿನ ದೂರ ಬಿಡು, ಕೊನೆಯ ಭೇಟಿಯ ನಂತರದ ದೂರ ಬಿಡು, ದಿನದ ಗರಿಷ್ಠ ಮಿತಿ, ಪ್ರೊಡಕ್ಟಿವ್ ಕಾಲ್ ಮಾತ್ರ ಲೆಕ್ಕಕ್ಕೆ. ನಾಲ್ಕೂ ಆನ್ ಆಗಿದ್ದವು.

"ಸರ್, ಇದನ್ನು ಆಫ್ ಮಾಡಬಹುದಲ್ಲ?" ಎಂದೆ.

"ನನ್ನ ಲಾಗಿನ್ನಿಗೆ ಆ ಅಧಿಕಾರ ಇಲ್ಲ ಮಾರಾಯ, ಅದೆಲ್ಲ ಹೆಡ್ ಆಫೀಸಿನವರದ್ದು. ನನ್ನ ಕಿಲೋಮೀಟರೂ ಹೀಗೇ ಹೋಗುತ್ತದೆ" ಎಂದರು ಅವರು.

ಮೊದಲ ಎರಡು ನಿಯಮಗಳ ಹಿಂದಿರುವ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮನೆಯಿಂದ ಕಚೇರಿಗೆ ಹೋಗಿಬರುವ ಖರ್ಚನ್ನು ಯಾವ ಕಂಪನಿಯೂ ಕಿಲೋಮೀಟರ್ ಲೆಕ್ಕದಲ್ಲಿ ಕೊಡುವುದಿಲ್ಲ, ಹಾಗೆ ಕೊಡಬೇಕೆಂದು ನಾವು ಕೇಳಿದವರೂ ಅಲ್ಲ. ಆದರೆ ಮಾರಾಟ ಪ್ರತಿನಿಧಿಗೆ ಕಚೇರಿ ಎಂಬುದೇ ಇಲ್ಲ. ನನ್ನ ದಿನದ ಮೊದಲ ಅಂಗಡಿ ತೀರ್ಥಹಳ್ಳಿಯಲ್ಲಿದ್ದರೆ, ಮಂಡಗದ್ದೆಯ ಮೇಲೆ ಹಾದು ಅಲ್ಲಿಗೆ ತಲುಪುವ ಅರವತ್ತು ಚಿಲ್ಲರೆ ಕಿಲೋಮೀಟರ್ 'ಮೊದಲ ಭೇಟಿಯವರೆಗಿನ ದೂರ' ಎಂದು ಕಳಚಿಹೋಗುತ್ತದೆ, ಸಂಜೆ ಹಿಂದಿರುಗುವ ಅಷ್ಟೇ ದೂರ 'ಕೊನೆಯ ಭೇಟಿಯ ನಂತರ' ಎಂದು ಹೋಗುತ್ತದೆ, ಉಳಿಯುವುದು ತೀರ್ಥಹಳ್ಳಿಯ ಪೇಟೆಯೊಳಗೆ ಒಂದಂಗಡಿಯಿಂದ ಇನ್ನೊಂದಂಗಡಿಗೆ ತಿರುಗಿದ ದೂರ. ಔಷಧ ಕಂಪನಿಗಳ ರೆಪ್‌ಗಳಿಗೆ ಇರುವ ಹಳೆಯ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ಅವರಲ್ಲಿ ಸ್ಟ್ಯಾಂಡರ್ಡ್ ಫೇರ್ ಚಾರ್ಟ್ ಎಂಬ ಪಟ್ಟಿ ಇರುತ್ತದೆ. ಹೆಡ್‌ಕ್ವಾರ್ಟರಿನಿಂದ ಯಾವ ಊರು ಎಷ್ಟು ದೂರ, ಅದು ಅದೇ ದಿನ ಹೋಗಿಬರುವ ಎಕ್ಸ್-ಸ್ಟೇಷನ್ನೋ ರಾತ್ರಿ ತಂಗಬೇಕಾದ ಔಟ್‌ಸ್ಟೇಷನ್ನೋ, ಅಲ್ಲಿಗೆ ಹೋದರೆ ಎಷ್ಟು ಭತ್ಯೆ ಎಂಬುದು ಮೊದಲೇ ಅಚ್ಚಾಗಿರುತ್ತದೆ. ಜಿಪಿಎಸ್ ಇಲ್ಲ, ಸೆಲ್ಫಿ ಇಲ್ಲ, ದಿನಕ್ಕೊಂದು ವಾದವೂ ಇಲ್ಲ. ನಗರದ ಗಡಿಯೊಳಗಿನ ಓಡಾಟ ನಿನ್ನದು, ಗಡಿ ದಾಟಿದ ಮೇಲೆ ಕಂಪನಿಯದು ಎಂಬ ಗೆರೆಯಾದರೂ ಅಲ್ಲಿದೆ.

ನಾಲ್ಕನೆಯ ಗುಂಡಿಯ ಮುಂದೆ ಉಳಿದ ಮೂರೂ ಸಣ್ಣವು. ಪ್ರೊಡಕ್ಟಿವ್ ಕಾಲ್ ಎಂದರೆ ಆರ್ಡರ್ ಸಿಕ್ಕ ಭೇಟಿ. ಆರ್ಡರ್ ಸಿಗದ ಅಂಗಡಿಗೆ ಹೋದ ದೂರ ಅರ್ಹವಲ್ಲ ಎಂದು ಆ್ಯಪ್ ಕಳೆಯುತ್ತದೆ. ಹೊಸನಗರದ ಕಡೆಯ ಒಂದು ತೋಟದಲ್ಲಿ ನಮ್ಮ ಪಂಪು ಸುಟ್ಟಿತೆಂದು ಡೀಲರ್ ಫೋನ್ ಮಾಡಿದರೆ ನಾನು ಹೋಗಲೇಬೇಕು. ಹೋಗಿ, ಪ್ಯಾನೆಲ್ ಬೋರ್ಡ್ ತೆಗೆದು, ವೋಲ್ಟೇಜ್ ಇಳಿದಾಗ ಮೋಟಾರ್ ಓಡಿಸಿದ್ದರಿಂದ ವೈಂಡಿಂಗ್ ಹೋಗಿದೆಯೋ ನಮ್ಮ ಮಾಲಿನ ದೋಷವೋ ಎಂದು ನೋಡಿ, ಬೆಳೆಗಾರನನ್ನೂ ಡೀಲರನ್ನೂ ಸಮಾಧಾನಪಡಿಸಿ ಬರಬೇಕು. ಆ ದಿನದ ಭೇಟಿಗೆ ಪಟ್ಟಿಯಲ್ಲಿ 'ದೂರು' ಎಂದು ಆರಿಸಿದರೆ ಕಿಲೋಮೀಟರ್ ಸೊನ್ನೆ. ಹಳೆ ಬಾಕಿ ವಸೂಲಿಗೆ ಹೋಗಿ ಡೀಲರ್ "ಮುಂದಿನ ವಾರ ಬನ್ನಿ" ಎಂದರೂ ಸೊನ್ನೆ. ಹೊಸ ಅಂಗಡಿ ತೆರೆದವರನ್ನು ಪರಿಚಯ ಮಾಡಿಕೊಳ್ಳಲು ಹೋದರೂ ಸೊನ್ನೆ. ಮೊದಲ ಭೇಟಿಗೇ ಆರ್ಡರ್ ಕೊಡುವ ಹಾರ್ಡ್‌ವೇರ್ ವ್ಯಾಪಾರಿಯನ್ನು ನಾನಿನ್ನೂ ಕಂಡಿಲ್ಲ. ಕಮಿಷನ್ ನೌಕರನಿಗೆ ಆರ್ಡರ್ ಸಿಗದ ದಿನ ಕಮಿಷನ್ ಇಲ್ಲ ಎಂಬುದು ಒಪ್ಪಿಕೊಂಡ ಷರತ್ತು. ಅದೇ ದಿನದ ಪೆಟ್ರೋಲೂ ಇಲ್ಲ ಎಂದರೆ ನಷ್ಟ ಎರಡು ಪಟ್ಟಾಗುತ್ತದೆ. ಭತ್ಯೆಯನ್ನು ಆರ್ಡರಿಗೆ ಕಟ್ಟಿದ ಕೂಡಲೇ ಅದು ಭತ್ಯೆಯಾಗಿ ಉಳಿಯುವುದಿಲ್ಲ, ಇನ್ನೊಂದು ಹೆಸರಿನ ಕಮಿಷನ್ ಆಗುತ್ತದೆ.

ಇದರ ಪರಿಣಾಮ ಕಂಪನಿಗೂ ಒಳ್ಳೆಯದಾಗಿಲ್ಲ. ಕಿಲೋಮೀಟರ್ ಉಳಿಸಿಕೊಳ್ಳುವುದಕ್ಕಾಗಿ ಎರಡು ಎಲ್ಬೋ, ಒಂದು ಸಲ್ಯೂಷನ್ ಡಬ್ಬಿ ಎಂದು ಪರಿಚಯದ ಅಂಗಡಿಯವರ ಹೆಸರಿನಲ್ಲಿ ಆರ್ಡರ್ ಬರೆದು ಮರುದಿನ ರದ್ದು ಮಾಡಿಸುವ ಅಭ್ಯಾಸ ಸೇಲ್ಸ್ ವಲಯದಲ್ಲಿ ಹುಟ್ಟಿಕೊಂಡಿದೆ. ಡಿಸ್ಟ್ರಿಬ್ಯೂಟರ್ ಗೋದಾಮಿನ ಹುಡುಗರು ಇಂಥ ಆರ್ಡರ್ ಕಂಡರೆ ನಗುತ್ತಾರೆ. ಹೆಡ್ ಆಫೀಸಿನ ವರದಿಯಲ್ಲಿ ಮಾತ್ರ ಪ್ರೊಡಕ್ಟಿವ್ ಕಾಲ್‌ಗಳ ಪ್ರಮಾಣ ಮೇಲೇರುತ್ತಿರುತ್ತದೆ.

ಈ ನಿಯಮದ ಬಗ್ಗೆ ಕೇಳಿದಾಗ ಮೇಲಿನವರಿಂದ ಬಂದ ಉತ್ತರ ಚಿಕ್ಕದಾಗಿತ್ತು: ನಿಮ್ಮ ಕಮಿಷನ್ ದರವನ್ನು ನಿಗದಿ ಮಾಡುವಾಗಲೇ ಓಡಾಟದ ಖರ್ಚನ್ನು ಅದರಲ್ಲಿ ಸೇರಿಸಲಾಗಿದೆ. ಈ ವಾದ ಹೊಸದೂ ಅಲ್ಲ, ನಮ್ಮೂರಿನದು ಮಾತ್ರವೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜಾಹೀರಾತು ಮಾರುವ ಪ್ರತಿನಿಧಿಗಳು ತಮ್ಮ ಸ್ವಂತ ಕಾರಿನಲ್ಲಿ ಓಡಾಡಿದ ಖರ್ಚನ್ನು ಕೇಳಿದಾಗ ಅವರ ಕಂಪನಿ ಹೇಳಿದ್ದೂ ಇದನ್ನೇ: ಕಚೇರಿಯಲ್ಲಿ ಕುಳಿತು ಮಾರುವವರಿಗಿಂತ ನಿಮಗೆ ಹೆಚ್ಚಿನ ಸಂಬಳ, ಹೆಚ್ಚಿನ ಕಮಿಷನ್ ದರ ಕೊಡುತ್ತಿರುವುದು ಅದಕ್ಕಾಗಿಯೇ. ಗಟ್ಟೂಸೊ ವಿರುದ್ಧ ಹಾರ್ಟ್-ಹ್ಯಾಂಕ್ಸ್ ಶಾಪರ್ಸ್ ಎಂಬ ಆ ಪ್ರಕರಣದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 2007ರಲ್ಲಿ ಕೊಟ್ಟ ತೀರ್ಪು ಎರಡೂ ಕಡೆಯವರು ಓದಬೇಕಾದದ್ದು. ಆ ರಾಜ್ಯದ ಕಾರ್ಮಿಕ ಸಂಹಿತೆಯ 2802ನೆಯ ಕಲಮು ಕೆಲಸದ ನಿಮಿತ್ತ ನೌಕರ ಮಾಡಿದ ಅಗತ್ಯ ಖರ್ಚನ್ನೆಲ್ಲ ಮಾಲೀಕನೇ ಭರಿಸಬೇಕೆನ್ನುತ್ತದೆ. ಅದನ್ನು ಹೆಚ್ಚಿನ ಸಂಬಳ ಅಥವಾ ಕಮಿಷನ್ ಮೂಲಕ ಕೊಡುವುದನ್ನು ನ್ಯಾಯಾಲಯ ತಪ್ಪೆನ್ನಲಿಲ್ಲ. ಆದರೆ ಆ ಮೊತ್ತದಲ್ಲಿ ದುಡಿಮೆಯ ಪ್ರತಿಫಲ ಎಷ್ಟು, ಖರ್ಚಿನ ಭರ್ತಿ ಎಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸುವ ವಿಧಾನ ಇರಲೇಬೇಕು, ಬೇರ್ಪಡಿಸಿದ ಮೊತ್ತ ನಿಜವಾದ ಖರ್ಚಿಗೆ ಸಾಲದಿದ್ದರೆ ನೌಕರ ಅದನ್ನು ಪ್ರಶ್ನಿಸಬಹುದು ಎಂದಿತು. ಆ ಕಾನೂನು ನಮಗೆ ಅನ್ವಯಿಸುವುದಿಲ್ಲವೆಂಬುದು ನಿಜ. ಆದರೂ ಆ ಪ್ರಶ್ನೆ ನಮ್ಮ ಹೆಡ್ ಆಫೀಸಿಗೂ ಸಲ್ಲುತ್ತದೆ: ಕಮಿಷನ್ನಿನಲ್ಲಿ ಸೇರಿದೆ ಎಂದಾದರೆ ಎಷ್ಟು ಸೇರಿದೆ? ಆ್ಯಪ್‌ನ ಬಿಲ್ಲಿನಲ್ಲಾಗಲಿ, ಸಂಬಳದ ಚೀಟಿಯಲ್ಲಾಗಲಿ ಅದಕ್ಕೊಂದು ಸಾಲು ಇಲ್ಲ.

ನಮ್ಮಲ್ಲಿಯೂ ಇವೆರಡನ್ನು ಬೇರೆಯಾಗಿಯೇ ನೋಡುವ ಕಾನೂನು ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ 'ವೇತನ'ದಿಂದ ಹೊರಗಿಡುವ ಬಾಬ್ತುಗಳನ್ನು ಪಟ್ಟಿ ಮಾಡುವಾಗ ಪ್ರಯಾಣ ಭತ್ಯೆಯನ್ನು ಒಂದು ಬಾಬ್ತಾಗಿ, ಕೆಲಸದ ಸ್ವರೂಪದಿಂದಾಗಿ ತಗಲುವ ವಿಶೇಷ ಖರ್ಚಿಗೆ ಕೊಡುವ ಹಣವನ್ನು ಇನ್ನೊಂದಾಗಿ, ಕಮಿಷನ್ನನ್ನು ಮತ್ತೊಂದಾಗಿ ಹೇಳುತ್ತದೆ. ಕಿಲೋಮೀಟರಿಗೆ ಇಂತಿಷ್ಟು ಕೊಡಲೇಬೇಕೆಂದು ಅದು ಹೇಳುವುದಿಲ್ಲ, ಆದರೆ ಮೂರನ್ನೂ ಒಂದೇ ಚೀಲಕ್ಕೆ ಸುರಿಯುವುದಕ್ಕೆ ಅದರ ಒಕ್ಕಣೆಯಲ್ಲಿ ಆಧಾರವೂ ಸಿಗುವುದಿಲ್ಲ. ಅದೇ ದಿನ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ, ಮಾರಾಟ ಪ್ರತಿನಿಧಿಗಳ 1976ರ ಪ್ರತ್ಯೇಕ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದ್ದಲ್ಲದೆ, ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂದು ವಿಧಿಸಿದೆ. ಕಿಲೋಮೀಟರ್ ದರವನ್ನೂ ಅದರ ಷರತ್ತುಗಳನ್ನೂ ಆ ಪತ್ರದಲ್ಲೇ ಬರೆಸಿಕೊಳ್ಳುವುದು ಹೊಸದಾಗಿ ಸೇರುವವರಿಗೆ ಸಾಧ್ಯವಿರುವ ಕೆಲಸ. ತೆರಿಗೆಯ ದೃಷ್ಟಿಯಿಂದಲೂ ಬೇರ್ಪಡಿಸಿದರೇ ಲಾಭ: ಕರ್ತವ್ಯಕ್ಕಾಗಿ ಓಡಾಡಲು ಕೊಟ್ಟ ಭತ್ಯೆಗೆ ನಿಜವಾಗಿ ಖರ್ಚಾದಷ್ಟರ ಮಟ್ಟಿಗೆ ತೆರಿಗೆ ಇಲ್ಲ, ಆದರೆ ಸಂಬಳದ ಭಾಗವಾಗಿ ಬಂದ ಕಮಿಷನ್ ಪೂರ್ತಿ ಆದಾಯವಾಗುತ್ತದೆ, ಅದರಿಂದ ಪೆಟ್ರೋಲ್ ಖರ್ಚನ್ನು ಕಳೆಯಲು ಸಂಬಳದಾರನಿಗೆ ದಾರಿಯಿಲ್ಲ.

ಇನ್ನು ದರ. ನಮ್ಮ ಆ್ಯಪ್‌ನಲ್ಲಿ ಕಿಲೋಮೀಟರಿಗೆ 2.75 ರೂಪಾಯಿ ಎಂದು ತುಂಬಿದ್ದಾರೆ. ಇದು ಪೆಟ್ರೋಲಿಗೆ ಸಾಕಾಗುತ್ತದೆ, ಬೈಕಿಗೆ ಸಾಲದು. ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರ ಜೂನಿನಲ್ಲಿ. 2024ರ ಜೂನಿನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಮತ್ತೆ ಮೂರು ರೂಪಾಯಿ ಹೆಚ್ಚಾಯಿತು. ಲೀಟರಿಗೆ 103 ರೂಪಾಯಿ, ಘಟ್ಟದ ದಾರಿಯಲ್ಲಿ ಲೀಟರಿಗೆ 45 ಕಿ.ಮೀ. ಎಂದಿಟ್ಟುಕೊಂಡರೆ ಪೆಟ್ರೋಲಿಗೇ 2.29 ರೂಪಾಯಿ. ಮೂರು ಸಾವಿರ ಕಿಲೋಮೀಟರಿಗೊಮ್ಮೆ 450 ರೂಪಾಯಿಯ ಆಯಿಲ್ ಬದಲಾವಣೆ ಎಂದರೆ 15 ಪೈಸೆ. ಎರಡು ಟೈರಿಗೆ ನಾಲ್ಕು ಸಾವಿರ, ಚೈನ್ ಸ್ಪ್ರಾಕೆಟ್ ಸೆಟ್ಟಿಗೆ ಒಂದೂವರೆ ಸಾವಿರ, ಎರಡೂ 25 ಸಾವಿರ ಕಿಲೋಮೀಟರ್ ಬಾಳಿದರೆ 22 ಪೈಸೆ. ಬ್ರೇಕ್, ಕ್ಲಚ್ ಕೇಬಲ್, ಮೆಕ್ಯಾನಿಕ್ ಕೂಲಿಗೆ ಒಂದು 20 ಪೈಸೆ ಹಿಡಿಯೋಣ. 95 ಸಾವಿರಕ್ಕೆ ಕೊಂಡ ಬೈಕು ಒಂದು ಲಕ್ಷ ಕಿಲೋಮೀಟರ್ ಓಡಿದ ಮೇಲೆ 25 ಸಾವಿರಕ್ಕೆ ಹೋದರೆ ಸವಕಳಿ 70 ಪೈಸೆ. ವಿಮೆ ಮತ್ತು ಹೊಗೆ ತಪಾಸಣೆ ಸೇರಿದರೆ ಒಟ್ಟು 3.60 ರೂಪಾಯಿಯ ಆಸುಪಾಸು. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡುವವನಿಗೆ ನಿಜವಾದ ಖರ್ಚು 7,200 ರೂಪಾಯಿ. ಆ್ಯಪ್ ಅದರಲ್ಲಿ 1,700 ಕಿಲೋಮೀಟರನ್ನು ಮಾತ್ರ ಅರ್ಹವೆಂದರೆ ಕೈಗೆ ಬರುವುದು 4,675. ಕೊರತೆ 2,525 ರೂಪಾಯಿ. ವಸೂಲಾತಿಯ ಮೇಲೆ ಶೇಕಡ ಒಂದರ ಕಮಿಷನ್ ಇರುವವನು ಈ ಕೊರತೆಯನ್ನು ತುಂಬಿಕೊಳ್ಳಲು ಇನ್ನೂ ಎರಡೂವರೆ ಲಕ್ಷ ರೂಪಾಯಿಯ ಮಾಲನ್ನು ಮಾರಿ, ಹಣವನ್ನೂ ವಸೂಲು ಮಾಡಬೇಕು. ಅದಕ್ಕೆ ಮತ್ತೆ ಓಡಾಡಬೇಕು. ಅಮೆರಿಕದ ತೆರಿಗೆ ಇಲಾಖೆ ಪ್ರತಿವರ್ಷ ಕಾರಿನ ಓಡಾಟಕ್ಕೆ ಒಂದು ಪ್ರಮಾಣಿತ ದರ ಪ್ರಕಟಿಸುತ್ತದೆ, 2025ಕ್ಕೆ ಅದು ಮೈಲಿಗೆ 70 ಸೆಂಟ್ ಇತ್ತು. ಆ ದರದೊಳಗೆ ಇಂಧನದ ಜೊತೆಗೆ ಸವಕಳಿ, ವಿಮೆ, ರಿಪೇರಿ ಎಲ್ಲವೂ ಸೇರಿರುತ್ತವೆ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ದರ ನಿಗದಿ ಮಾಡುವವರು ಪೆಟ್ರೋಲ್ ಬಂಕಿನ ಬೋರ್ಡನ್ನಷ್ಟೇ ನೋಡುತ್ತಾರೆ, ಅದನ್ನೂ ವರ್ಷಗಳಿಗೊಮ್ಮೆ.

ವಿಮೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಖಾಸಗಿ ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಬಳಕೆಯ ಮಿತಿಗಳು ಎಂಬ ಭಾಗವಿರುತ್ತದೆ. ಸ್ಯಾಂಪಲ್ ಅಥವಾ ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವ ಬಳಕೆಗೆ ರಕ್ಷೆಯಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಆ್ಯಪ್‌ನಲ್ಲಿ ಇತ್ತೀಚೆಗೆ 'ಡೆಲಿವರಿ ಮಾಡಿದೆ' ಎಂಬ ಗುಂಡಿಯೊಂದು ಸೇರಿಕೊಂಡಿದೆ, ಡಿಸ್ಟ್ರಿಬ್ಯೂಟರ್ ಗಾಡಿ ಬಾರದ ದಿನ ಫಿಟ್ಟಿಂಗ್ಸ್ ಬಾಕ್ಸನ್ನು ನಮ್ಮ ಬೈಕಿನ ಹಿಂದೆಯೇ ಕಟ್ಟಿಕೊಂಡು ಹೋಗಿ ಕೊಡಲಿ ಎಂಬ ಉದ್ದೇಶದಿಂದ. ಆ ಗುಂಡಿ ಒತ್ತಿದರೆ ಸಮಯ ಮತ್ತು ಸ್ಥಳ ಸಮೇತ ದಾಖಲೆಯಾಗುತ್ತದೆ. ಅಪಘಾತವಾದ ದಿನ ಆ ದಾಖಲೆ ಯಾರ ಪರವಾಗಿ ಮಾತಾಡುತ್ತದೆ ಎಂಬುದನ್ನು ಯೋಚಿಸಿ ಒತ್ತುವುದು ಒಳ್ಳೆಯದು. ನಾನು ಒತ್ತುವುದಿಲ್ಲ, ಸರಕನ್ನೂ ಕಟ್ಟಿಕೊಳ್ಳುವುದಿಲ್ಲ.

ಉಳಿದ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಕನ್ನಡದ ಆಯ್ಕೆ ಇದೆ, ಮೇಲಿನ ಮೆನುಗಳು ಕನ್ನಡದಲ್ಲಿವೆ, ತಪ್ಪಾದಾಗ ಬರುವ ಸೂಚನೆಗಳು ಮಾತ್ರ ಇಂಗ್ಲಿಷಿನಲ್ಲೇ ಉಳಿದಿವೆ. ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಅರ್ಧವಾಗುತ್ತದೆ, ಪವರ್ ಬ್ಯಾಂಕ್ ಇಲ್ಲದೆ ಸಾಗುವುದಿಲ್ಲ, ಅದರ ಖರ್ಚೂ ನಮ್ಮದೇ. ಡ್ಯೂಟಿ ಆಫ್ ಒತ್ತಲು ಮರೆತರೆ ರಾತ್ರಿಯ ತಿರುಗಾಟವೂ ಹೆಡ್ ಆಫೀಸಿನ ಭೂಪಟದಲ್ಲಿ ಮೂಡುತ್ತದೆ. ನಿಗದಿತ ಗಂಟೆಗೆ ತಾನೇ ಆಫ್ ಆಗುವ ಸೌಲಭ್ಯ ತಯಾರಕರ ಬಳಿ ಇದ್ದರೂ ನಮ್ಮ ಕಂಪನಿ ಅದನ್ನು ಪಡೆದಿಲ್ಲ. ಸಹಾಯವಾಣಿಯವರು ಸಭ್ಯವಾಗಿ ಮಾತಾಡುತ್ತಾರೆ, ಬಿಂದು ತಪ್ಪಿದರೆ ಸರಿಪಡಿಸಿಯೂ ಕೊಟ್ಟಿದ್ದಾರೆ, ನಿಯಮದ ವಿಷಯ ಎತ್ತಿದರೆ ನಿಮ್ಮ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಅದು ಅವರ ಮಟ್ಟಿಗೆ ಸರಿ.

ಸಾಫ್ಟ್‌ವೇರಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹಾವೇರಿ, ದಾವಣಗೆರೆಯಂಥ ಬಯಲು ಸೀಮೆಯಲ್ಲಿ ತಿರುಗುವವನಾಗಿದ್ದರೆ ನಾಲ್ಕು ಕೊಡುತ್ತಿದ್ದೆ. ನಮ್ಮ ಕಂಪನಿ ಅದನ್ನು ಬಳಸುತ್ತಿರುವ ರೀತಿಗೆ ಒಂದೂವರೆ ಸಾಕು. ಇಂಥ ಆ್ಯಪ್ ಕೊಳ್ಳಲು ಹೊರಟ ಸಣ್ಣ ಕಂಪನಿಯ ಮಾಲೀಕರು ಡೆಮೋ ಸಮಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದೂರವನ್ನು ರಸ್ತೆಯ ಮೇಲೆ ಅಳೆಯುತ್ತದೆಯೇ ಎಂಬುದು. ಎರಡನೆಯದು ಕಳೆದ ಕಿಲೋಮೀಟರಿಗೆ ಕಾರಣವನ್ನು ನೌಕರನ ಪರದೆಯಲ್ಲೂ ತೋರಿಸುತ್ತದೆಯೇ ಎಂಬುದು. ಇದನ್ನು ಈಗಾಗಲೇ ಬಳಸುತ್ತಿರುವ ನನ್ನಂಥವರಿಗೆ ಹೇಳುವುದಿಷ್ಟು: ಬೆಳಿಗ್ಗೆ ಮತ್ತು ಸಂಜೆ ಬೈಕಿನ ಮೀಟರಿನ ಫೋಟೊ ತೆಗೆದಿಡಿ, ಡ್ಯೂಟಿ ಅವಧಿಯಲ್ಲಿ ಹಾಕಿಸಿದ ಪೆಟ್ರೋಲಿನ ರಸೀದಿಯನ್ನು ಅದರ ಜೊತೆಗಿಡಿ, ಬಿಲ್ ಅಂತಿಮವಾಗುವ ಮೊದಲು 'ತಿದ್ದುಪಡಿ ಕೋರಿಕೆ' ಎಂಬ ಗುಂಡಿಯಲ್ಲಿ ಫೋಟೊ ಸಮೇತ ವ್ಯತ್ಯಾಸವನ್ನು ದಾಖಲಿಸಿ. ಆ ಗುಂಡಿ ಮೂರನೆಯ ಪುಟದ ತಳದಲ್ಲಿದೆ, ತಿಂಗಳ 25ರ ನಂತರ ಕೆಲಸ ಮಾಡುವುದಿಲ್ಲ.